ಕುದುರೆಗೆ ವರ್ಷಕ್ಕೆ ಎಷ್ಟು ಖರ್ಚಾಯ್ತು?

"ಹೆಣ್ಣು ಕುದುರೆ. ವಯಸ್ಸು ಇಪ್ಪತ್ತರ ಆಸುಪಾಸು. ಮುಂಗಾಲಿಗೆ ಹಳೇ ಪೆಟ್ಟು, ಸವಾರಿ ಆಗಲ್ಲ. ಬಹಳ ಸಾಧು. ಪ್ರೀತಿ ಕೊಡುವ ಮನೆ ಬೇಕಾಗಿದೆ. ಸಂಗಾತಿಯಾಗಿ ಮಾತ್ರ."

ರಕ್ಷಿಸಿ ತಂದ ಕುದುರೆಗೆ ಹೊಸ ಮನೆ ಹುಡುಕುವ ಪ್ರಕಟಣೆಗಳು ಹೆಚ್ಚುಕಡಿಮೆ ಹೀಗಿರುತ್ತವೆ. ನಾಯಿಮರಿ, ಬೆಕ್ಕಿನಮರಿಗಳದ್ದನ್ನು ನಾವೆಲ್ಲ ದಿನಾ ನೋಡ್ತೀವಿ. ಕುದುರೆಯದ್ದು ಅಪರೂಪ. ಅದಕ್ಕೇ ಕಣ್ಣಿಗೆ ಬಿದ್ದಾಗ ಎರಡು ಸಲ ಓದುತ್ತೇವೆ, ಮನಸ್ಸು ಚುರುಕ್ ಅನ್ನುತ್ತೆ, ನಾಲ್ಕು ಜನಕ್ಕೆ ಕಳಿಸುತ್ತೇವೆ, ಮುಂದೆ ಹೋಗುತ್ತೇವೆ. ಆದರೆ ಇದೂ ಒಂದು ಬಗೆಯ ಬರವಣಿಗೆಯೇ. ಇದರಲ್ಲೂ ನಾಯಕಿ ಇದ್ದಾಳೆ, ದುಃಖ ಇದೆ, ಓದುಗರಿಂದ ಬೇಡುವ ಕಣ್ಣೀರಿದೆ. ಹಾಗಾಗಿ ಕಥೆ ಕಾದಂಬರಿಗಳನ್ನು ಕೇಳುವ ಪ್ರಶ್ನೆಯನ್ನು ಇದಕ್ಕೂ ಕೇಳಬಹುದು: ಇದು ಏನನ್ನು ಹೇಳುತ್ತೆ, ಏನನ್ನು ಹೇಳದೆ ಬಿಡುತ್ತೆ?

ಕೆಲಸಕ್ಕೆ ಬಾರದ ಪ್ರಾಣಿಯ ಬಗ್ಗೆ ಹಿಂದಿನವರು ಹೇಗೆ ಬರೆದರು ಅಂತ ನೋಡಿದರೆ ಇದಕ್ಕೆ ಉತ್ತರ ಸಿಗಬಹುದು. ನೋಡೋದಕ್ಕೆ ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕು ಸಾಕು: ಆಳಂದ, ಅಫಜಲಪುರ, ಜೇವರ್ಗಿ. ಕುದುರೆಗೂ ಆ ಬಿಸಿಲ ನಾಡಿಗೂ ಏನು ಸಂಬಂಧ ಅಂತೀರಾ? ಒಂದು ಕಾಲಕ್ಕೆ ದಖನ್ನಿನ ಕುದುರೆ ವ್ಯಾಪಾರದ ದೊಡ್ಡ ಸಂತೆ ನೆರೆಯುತ್ತಿದ್ದುದು ಆಳಂದದಲ್ಲಿ.

ಈ ಮಾತಿಗೆ ಸಾಕ್ಷಿ ರಷ್ಯಾದವನು. ಹೆಸರು ಅಫನಾಸಿ ನಿಕಿತಿನ್, ತ್ವೇರ್ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಬಹಮನಿ ರಾಜ್ಯದಲ್ಲಿ ಓಡಾಡಿದ. ಆಗ ರಾಜಧಾನಿ ಬೀದರ್, ಆಡಳಿತದ ಹಗ್ಗ ಮಹಮೂದ್ ಗಾವಾನನ ಕೈಯಲ್ಲಿ. ನಿಕಿತಿನ್ ಬರೆದಿಟ್ಟ ಟಿಪ್ಪಣಿಗಳೇ 'ಮೂರು ಸಮುದ್ರಗಳಾಚೆಯ ಪಯಣ'. ವಾಪಸು ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ, ಊರು ಮುಟ್ಟಲಿಲ್ಲ, ಬರಹ ಮುಟ್ಟಿತು. 1857ರಲ್ಲಿ ಹಕ್ಲೂಯಿಟ್ ಸೊಸೈಟಿಯವರು ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಸರಿಯಾಗಿ ನೂರು ವರ್ಷಕ್ಕೆ, 1957ರಲ್ಲಿ, ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸೀಲಿ ಪ್ರೋನಿನ್ ಸೇರಿ 'ಪರದೇಸಿ' ಅನ್ನೋ ಸಿನಿಮಾ ಮಾಡಿದರು. ನರ್ಗಿಸ್ ಇದ್ದರು, ಹಾಗಾಗಿ ಪ್ರೇಮಕಥೆಯೂ ಇತ್ತು.

ಮೂಲ ಬರಹದಲ್ಲಿ ಪ್ರೇಮಕಥೆ ಇಲ್ಲ. ಅದರಲ್ಲಿ ನಮ್ಮ ಮಟ್ಟಿಗೆ ಮುಖ್ಯವಾದ ಪಾತ್ರ ಒಂದು ಗಂಡು ಕುದುರೆ. ಅವನು ಅದನ್ನು ಸಮುದ್ರ ದಾಟಿಸಿ ಇಲ್ಲಿಗೆ ತಂದ, ಅದಕ್ಕೆ 100 ರೂಬಲ್ ಬಿತ್ತು. ಹಿಂದೂಸ್ಥಾನದಲ್ಲಿ ಕುದುರೆಗೆ ಒಳ್ಳೇ ಬೆಲೆ ಅಂತ ಕೇಳಿದ್ದ. ಜುನ್ನರಿಗೆ ಬಂದಾಗ ಅಲ್ಲಿನ ಖಾನ ಕುದುರೆ ಕಿತ್ತುಕೊಂಡ. ಇವನು ಮುಸಲ್ಮಾನನಲ್ಲ ಅಂತ ಗೊತ್ತಾದ ಮೇಲೆ, ನಮ್ಮ ಧರ್ಮಕ್ಕೆ ಬಂದರೆ ಕುದುರೆಯನ್ನೂ ಕೊಡ್ತೀನಿ, ಮೇಲೆ ಸಾವಿರ ಹೊನ್ನೂ ಕೊಡ್ತೀನಿ ಅಂದ. ನಾಲ್ಕು ದಿನದ ಗಡುವು. ಖುರಾಸಾನದ ಒಬ್ಬ ಅಧಿಕಾರಿ ಮಧ್ಯೆ ಬಂದು ಬಿಡಿಸಿದ ಮೇಲೆ ಕುದುರೆ ವಾಪಸು ಸಿಕ್ಕಿತು. ಕೊನೆಗೆ ಬೀದರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಅದನ್ನು ಮಾರಿದ.

ಆಳಂದದ ಮಾತು ಇದೇ ಬರಹದಲ್ಲಿ ಬರುತ್ತೆ. ಶೇಖ್ ಅಲಾವುದ್ದೀನರ ನೆನಪಿಗೆ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ. ಬೀದರಿನಿಂದ 12 ಕೋಸು. ನಾಡಿನ ಎಲ್ಲ ಕಡೆಯ ವ್ಯಾಪಾರಿಗಳು ಬರುತ್ತಾರೆ, 20,000 ಕುದುರೆ ತರುತ್ತಾರೆ, ಹಿಂದೂಸ್ಥಾನದಲ್ಲಿ ಇದಕ್ಕಿಂತ ಒಳ್ಳೇ ಸಂತೆ ಇಲ್ಲ ಅಂತ ಅವನ ಅಭಿಪ್ರಾಯ. ಇವತ್ತು ನಾವು ಲಾಡ್ಲೆ ಮಶಾಕ್ ದರ್ಗಾ ಅನ್ನೋದು ಆ ಅಲಾವುದ್ದೀನ್ ಅನ್ಸಾರಿಯವರ ದರ್ಗಾವನ್ನೇ. ಇಪ್ಪತ್ತು ಸಾವಿರ ಅನ್ನೋದು ಸಂತೆಯ ಬಾಯಲ್ಲಿ ಉಬ್ಬಿದ ಸಂಖ್ಯೆ ಇರಬಹುದು. ಅರ್ಧ ಅಂತ ಇಟ್ಟುಕೊಂಡರೂ, ಆಳಂದದ ಬಯಲಲ್ಲಿ ಹತ್ತು ಸಾವಿರ ಕುದುರೆ ಕಟ್ಟಿ ಹಾಕಿದ ದೃಶ್ಯ ಕಲ್ಪಿಸಿಕೊಳ್ಳಿ.

ಇಷ್ಟು ಕುದುರೆ ಯಾಕೆ ಬೇಕಿತ್ತು? ಈ ನಾಡಲ್ಲಿ ಕುದುರೆ ಹುಟ್ಟಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಅಂತ ನಿಕಿತಿನ್ನೇ ಬರೆಯುತ್ತಾನೆ. ಅದು ಪೂರ್ತಿ ನಿಜವಲ್ಲ, ಇಲ್ಲಿ ತಟ್ಟುಗಳಿದ್ದವು. ಯುದ್ಧಕ್ಕೆ ಬೇಕಾದ ದೊಡ್ಡ ಕುದುರೆ ಮಾತ್ರ ಅರಬ್ಬಿ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ವರ್ಷ ವರ್ಷವೂ ತರಿಸುತ್ತಿದ್ದರು ಅಂದರೆ ಏನರ್ಥ? ವರ್ಷ ವರ್ಷವೂ ಅಷ್ಟು ಕುದುರೆ ಸಾಯುತ್ತಿದ್ದವು, ಇಲ್ಲವೇ ಕುಂಟಾಗುತ್ತಿದ್ದವು, ಮುದಿಯಾಗುತ್ತಿದ್ದವು. ಬಂದ ಕುದುರೆಗಳ ಲೆಕ್ಕ ಬರಹದಲ್ಲಿದೆ. ಆಮೇಲೆ ಅವು ಏನಾದವು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಆಳಂದದಲ್ಲಿ ರಾತ್ರಿ ಹಾರುವ ಗೂಬೆ ಯಾರ ಮನೆ ಮೇಲೆ ಕೂತರೆ ಅಲ್ಲಿ ಸಾವು ಅನ್ನೋ ನಂಬಿಕೆಯನ್ನು ಕೂಡ ಅವನು ಬಿಡದೆ ಬರೆದುಕೊಂಡಿದ್ದಾನೆ. ತನ್ನ ಕುದುರೆಯ ಹೆಸರು, ಬಣ್ಣ, ಸ್ವಭಾವ ಮಾತ್ರ ಹೇಳಿಲ್ಲ. ಬೀದರಿನಲ್ಲಿ ಏನೇನು ಮಾರಾಟಕ್ಕಿದೆ ಅಂತ ಪಟ್ಟಿ ಕೊಡುವಾಗ ಕುದುರೆ, ರೇಷ್ಮೆಯ ಜೊತೆಗೇ ಕಪ್ಪು ಗುಲಾಮರೂ ಬರುತ್ತಾರೆ. ಆ ಪಟ್ಟಿ ಓದಿದ ಮೇಲೆ ಕುದುರೆಗೆ ಹೆಸರಿಲ್ಲ ಅಂತ ನಾವು ಬೇಜಾರು ಮಾಡಿಕೊಳ್ಳೋದು ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸುತ್ತೆ.

ಆದರೂ ಒಂದು ಮಾತಿದೆ. ಕುದುರೆ ಮಾರಿದ ಸುದ್ದಿಯ ಜೊತೆಗೇ ಅವನು ಬರೆಯುತ್ತಾನೆ: ಒಂದು ವರ್ಷ ಮೇಯಿಸಿದೆ, 68 ಫುತುನ್ ಖರ್ಚಾಯ್ತು. ಬೇರೆ ಕಡೆ, ಇಲ್ಲಿ ಕುದುರೆಗೆ ಏನು ತಿನ್ನಿಸುತ್ತಾರೆ ಅಂತಲೂ ಹೇಳುತ್ತಾನೆ: ಕಡಲೆ, ಸಕ್ಕರೆ ಎಣ್ಣೆ ಹಾಕಿದ ಖಿಚಡಿ. ಒಣ ಲೆಕ್ಕ, ಪ್ರೀತಿಯ ಮಾತಿಲ್ಲ. ಈ ಲೆಕ್ಕವನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

*

ಆಳಂದದಿಂದ ದಕ್ಷಿಣಕ್ಕೆ ಬಂದರೆ ಅಫಜಲಪುರ ತಾಲ್ಲೂಕು. ಅಲ್ಲಿ ಭೀಮಾ ಮತ್ತು ಅಮರ್ಜಾ ನದಿ ಕೂಡುವ ಜಾಗದಲ್ಲಿ ದೇವಲ ಗಾಣಗಾಪುರ. ದತ್ತಾತ್ರೇಯನ ಕ್ಷೇತ್ರ. ನರಸಿಂಹ ಸರಸ್ವತಿ ಸ್ವಾಮಿಗಳು ಇದ್ದ ಊರು. ಅವರ ಚರಿತ್ರೆಯೇ 'ಗುರುಚರಿತ್ರೆ', ಬರೆದವನು ಸರಸ್ವತಿ ಗಂಗಾಧರ. ಗ್ರಂಥ ಮರಾಠಿಯಲ್ಲಿದೆ. ಕವಿಯ ಮನೆಮಾತು ಕನ್ನಡ ಅನ್ನೋದು ಅನೇಕರ ಅಭಿಪ್ರಾಯ. ಸ್ವಾಮಿಗಳ ಕಾಲವೂ ಬಹಮನಿಗಳ ಕಾಲವೇ, ನಿಕಿತಿನ್ ಬರುವುದಕ್ಕೆ ಸ್ವಲ್ಪ ಮೊದಲು.

ಗಾಣಗಾಪುರದ ಮಹಿಮೆಗಳಲ್ಲಿ ಬಹಳ ಹೆಸರಾದದ್ದು ಬರಡೆಮ್ಮೆಯ ಕಥೆ. ಒಬ್ಬ ಬಡ ಬ್ರಾಹ್ಮಣ, ಅವನ ಹತ್ತಿರ ಒಂದು ಮುದಿ ಎಮ್ಮೆ. ಗಬ್ಬ ನಿಂತಿಲ್ಲ, ಹಾಲಿಲ್ಲ, ಹಲ್ಲೂ ಹೋಗಿವೆ. ಮಣ್ಣು ಹೊರೋದಕ್ಕೆ ಬಾಡಿಗೆಗೆ ಕಳಿಸಿ ಅಷ್ಟೋ ಇಷ್ಟೋ ಸಂಪಾದನೆ. ಗುರುಗಳು ಆ ಮನೆಗೆ ಬಂದು ಹಾಲು ಕೇಳುತ್ತಾರೆ. ಮನೆಯಾಕೆ, ಇದು ಬರಡು ಸ್ವಾಮಿ ಅನ್ನುತ್ತಾಳೆ. ಹಿಂಡಿ ನೋಡು ಅನ್ನುತ್ತಾರೆ. ಹಿಂಡಿದರೆ ಪಾತ್ರೆ ತುಂಬ ಹಾಲು. ಮನೆಯ ಬಡತನ ಹೋಗುತ್ತೆ.

ಭಕ್ತರಿಗೆ ಇದು ಗುರುವಿನ ಕರುಣೆಯ ಕಥೆ, ಅವರ ಓದಿಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಎಮ್ಮೆಯ ಕಡೆಯಿಂದ. ಕಥೆಯ ಶುರುವಿನಲ್ಲಿ ಎಮ್ಮೆ ಹೇಗಿದೆ ಅಂತ ಕವಿ ಎಷ್ಟು ಚೆನ್ನಾಗಿ ನೋಡಿದ್ದಾನೆ! ಹಲ್ಲಿಲ್ಲದ ಬಾಯಿ, ಮೂಗಿನ ಹಗ್ಗ, ಮಣ್ಣಿನ ಹೊರೆ. ಮುದಿ ಪ್ರಾಣಿಯನ್ನು ಯಾರೂ ಸುಮ್ಮನೆ ಕೂರಿಸಿ ತಿನ್ನಿಸಲ್ಲ, ಹಾಲಿಲ್ಲ ಅಂದರೆ ಹೊರೆ ಹೊರಿಸುತ್ತಾರೆ ಅನ್ನೋದು ಅವನಿಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಕಥೆ ಎಮ್ಮೆಯನ್ನು ಬಿಡಿಸೋದು ಹೇಗೆ? ಮತ್ತೆ ಹಾಲು ಕೊಡುವಂತೆ ಮಾಡಿ. ಉಪಯೋಗಕ್ಕೆ ಬಾರದ ಎಮ್ಮೆಯನ್ನು ಹಾಗೇ ಇಟ್ಟುಕೊಳ್ಳಿ ಅಂತ ಗುರುಗಳು ಹೇಳಿದ್ದರೆ ಅದು ಮಹಿಮೆ ಅನ್ನಿಸಿಕೊಳ್ಳುತ್ತಿರಲಿಲ್ಲ. ಬಡವನ ಮನೆಗೆ ಅದು ಶಾಪವೇ ಆಗುತ್ತಿತ್ತು. "ಸತ್ತ ಎಮ್ಮೆಗೆ ಹತ್ತು ಸೇರು ಹಾಲು" ಅನ್ನೋ ಗಾದೆ ನಮ್ಮಲ್ಲಿದೆಯಲ್ಲ, ಅದರಲ್ಲೂ ಹೊಗಳಿಕೆ ಹಾಲಿಗೇ, ಎಮ್ಮೆಗಲ್ಲ. "ಕುದುರೆ ಕಂಡರೆ ಕಾಲು ನೋವು" ಅನ್ನೋದರಲ್ಲೂ ಕುದುರೆ ಕಂಡ ಕೂಡಲೇ ನೆನಪಾಗೋದು ನಮ್ಮ ಕಾಲೇ.

ಹೊರಗಿನ ದೊಡ್ಡ ಪುಸ್ತಕಗಳು ಇದಕ್ಕಿಂತ ಮುಂದೆ ಹೋದವಾ? ಅನ್ನಾ ಸೂಯೆಲ್ ಬರೆದ 'ಬ್ಲ್ಯಾಕ್ ಬ್ಯೂಟಿ' (1877) ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಓದಿದ್ದು. ಕುದುರೆಯೇ ತನ್ನ ಕಥೆ ಹೇಳುವ ಪುಸ್ತಕ. ಕೊನೆಯಲ್ಲಿ ಮುದಿಯಾಗಿ, ಸೋತು, ಸಂತೆಯಲ್ಲಿ ನಿಂತ ಬ್ಯೂಟಿಯನ್ನು ಒಬ್ಬ ರೈತ ಮೊಮ್ಮಗನ ಮಾತು ಕೇಳಿ ಐದು ಪೌಂಡಿಗೆ ಕೊಳ್ಳುತ್ತಾನೆ. ಮೇಯಿಸಿ, ಚೇತರಿಸಿ, ಒಳ್ಳೇ ಮನೆಗೆ ಸೇರಿಸುತ್ತಾನೆ. ಇನ್ನು ಮಾರಲ್ಲ ಅಂತ ಆ ಮನೆಯವರು ಮಾತು ಕೊಡುತ್ತಾರೆ. ರಕ್ಷಿಸಿದ ಕುದುರೆಗೆ ಹೊಸ ಮನೆ ಸಿಗುವ ಕಥೆ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ. ಆದರೆ ಗಮನಿಸಿ: ಆ ಮನೆಗೆ ಹೋಗುವ ಮೊದಲು ಬ್ಯೂಟಿಯನ್ನು ಗಾಡಿಗೆ ಕಟ್ಟಿ ಓಡಿಸಿ ಪರೀಕ್ಷೆ ಮಾಡುತ್ತಾರೆ. ಪಾಸಾಗುತ್ತೆ. ಫೇಲಾಗಿದ್ದರೆ? ಆ ಅಧ್ಯಾಯ ಬರೆಯೋದಕ್ಕೆ ಸೂಯೆಲ್‌ಳಂಥ ಕರುಣಾಮಯಿಗೂ ಧೈರ್ಯ ಬರಲಿಲ್ಲ.

ಬರೆದವನು ಟಾಲ್‌ಸ್ಟಾಯ್. 1886ರಲ್ಲಿ ಪ್ರಕಟವಾದ 'ಖೋಲ್‌ಸ್ಟೊಮೆರ್' ಕಥೆಯಲ್ಲಿ ಮುದಿ ಕುದುರೆಯೊಂದು, ಮನುಷ್ಯರು 'ನನ್ನದು' ಅನ್ನೋ ಪದವನ್ನು ಹೇಗೆ ಬಳಸುತ್ತಾರೆ ಅಂತ ಬೆರಗಾಗುತ್ತೆ. ಅದಕ್ಕೆ ಹೊಸ ಮನೆ ಸಿಗಲ್ಲ, ಕಟುಕ ಸಿಗುತ್ತಾನೆ. ಸತ್ತ ಮೇಲೆ ಅದರ ಮಾಂಸ, ಚರ್ಮ, ಮೂಳೆ ಒಂದೊಂದಕ್ಕೂ ಉಪಯೋಗ ಸಿಗುತ್ತೆ. ಒಂದು ಕಾಲಕ್ಕೆ ಅದರ ಒಡೆಯನಾಗಿದ್ದವನ ಹೆಣ ಮಾತ್ರ ಯಾವುದಕ್ಕೂ ಬರಲ್ಲ. ಮನುಷ್ಯನಿಗೆ ಚಾಟಿ ಏಟು ಕೊಟ್ಟ ಕಥೆ, ಸರಿ. ಆದರೆ ಇಲ್ಲೂ ಕುದುರೆಯ ಗೌರವ ಉಪಯೋಗದಿಂದಲೇ ಬರುತ್ತೆ, ಸತ್ತ ಮೇಲಾದರೂ.

ಅಂದರೆ ನಮ್ಮ ಕೈಯಲ್ಲಿ ಮೂರು ದಾರಿಗಳಿವೆ. ವ್ಯಾಪಾರಿ ಮಾರುತ್ತಾನೆ. ಪವಾಡ ಮತ್ತೆ ಕೆಲಸಕ್ಕೆ ಹಚ್ಚುತ್ತೆ. ಕಥೆಗಾರ ಒಂದೋ ಹಗುರವಾದ ಕೆಲಸ ಕೊಡುತ್ತಾನೆ, ಇಲ್ಲ ಸಾಯಿಸುತ್ತಾನೆ. ಯಾವ ಕೆಲಸಕ್ಕೂ ಬಾರದೆ ಇನ್ನೂ ಹತ್ತು ವರ್ಷ ಬದುಕುವ ಕುದುರೆಯ ಕಥೆ ಈ ಪುಸ್ತಕಗಳಲ್ಲಿಲ್ಲ. ನಿಜ ಜೀವನದಲ್ಲಿ ಹೆಚ್ಚಾಗಿ ನಡೆಯೋದು ಅದೇ. ಕುದುರೆ ಆರಾಮಾಗಿ 25ರಿಂದ 30 ವರ್ಷ ಬದುಕುತ್ತೆ. ರೇಸಿನ ಕುದುರೆ ಎರಡನೇ ವರ್ಷಕ್ಕೆ ಓಡೋಕೆ ಶುರು ಮಾಡಿ ಸಾಮಾನ್ಯವಾಗಿ ಎಂಟು ತುಂಬುವ ಮೊದಲೇ ಮೈದಾನ ಬಿಡುತ್ತೆ. ಉಳಿದ ಎರಡು ದಶಕ?

*

ಈಗ ಭೀಮಾ ನದಿಯ ಜೊತೆಗೇ ಕೆಳಗೆ ಬಂದರೆ ಜೇವರ್ಗಿ. ಕರಿಮಣ್ಣು, ತೊಗರಿ, ಹತ್ತಿ, ಜೋಳ. ಇಲ್ಲಿ ಇವತ್ತಿನ ಪ್ರಶ್ನೆ ಕುದುರೆಯದ್ದಲ್ಲ, ಎತ್ತಿನದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ಕೆಲಸ ಕಮ್ಮಿ, ಮುದಿ ಎತ್ತಿಗೆ ಇಲ್ಲವೇ ಇಲ್ಲ. ಎತ್ತಿನ ಮೇಲೆ ಈ ಕಡೆಯವರಿಗೆ ಪ್ರೀತಿ ಇಲ್ಲವಾ? ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸುವುದನ್ನು ನೋಡಿದವರು ಈ ಪ್ರಶ್ನೆ ಕೇಳಲ್ಲ. ಅದಾದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಮನೆಯೊಳಗೇ ಪೂಜೆ. ಮಣ್ಣೆತ್ತಿಗೆ ಮೇವು ಬೇಡ, ಅದೊಂದು ಅನುಕೂಲ. ನಿಜವಾದ ಮುದಿ ಎತ್ತಿನ ಬಗ್ಗೆ ಕೇಳಿದರೆ ಬರುವ ಉತ್ತರ ಬೇರೆ: "ಕಟ್ಲಾಕ ಜಾಗಾ ಅದ್ರಿ, ಹಾಕ್ಲಾಕ ಕಣಿಕಿ ಎಲ್ಲಿಂದ ತರಬೇಕ್ರಿ?" ಕಣಿಕಿ ಅಂದರೆ ಜೋಳದ ಒಣ ದಂಟು. ಪ್ರಶ್ನೆ ಪೂರ್ತಿ ಅದೇ. ಜಾಗ ಇದೆ, ಮನಸ್ಸೂ ಇದೆ, ಮೇವಿನ ಲೆಕ್ಕ ಕೂಡಲ್ಲ.

ಕಾನೂನು ಈ ಲೆಕ್ಕವನ್ನು ಹೇಗೆ ಬರೆದಿದೆ ನೋಡಿ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. ಎಮ್ಮೆ ಕೋಣಕ್ಕೆ ಮಾತ್ರ 13 ವರ್ಷ ದಾಟಿದ ಮೇಲೆ ವಿನಾಯಿತಿ. ತಪ್ಪಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೇ 50,000ದಿಂದ 5 ಲಕ್ಷ ರೂಪಾಯಿ ದಂಡ. ಎತ್ತು ಸಾಯಬಾರದು ಅನ್ನೋದು ಸ್ಪಷ್ಟ. ಅದು ಬದುಕಲು ತಿನ್ನುವ ಕಣಿಕೆಗೆ ದುಡ್ಡು ಯಾರದು ಅನ್ನೋದು ಅಷ್ಟು ಸ್ಪಷ್ಟವಿಲ್ಲ.

ಆಮೇಲೆ 2022ರಲ್ಲಿ ಸರ್ಕಾರ 'ಪುಣ್ಯಕೋಟಿ ದತ್ತು ಯೋಜನೆ' ತಂದಿತು. ಗೋಶಾಲೆಯ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯಬಹುದು. ಆಗ ನಟ ಸುದೀಪ್ ರಾಯಭಾರಿಯಾಗಿದ್ದರು. ಸರ್ಕಾರಿ ನೌಕರರಿಂದಲೂ ವಂತಿಗೆ ಅಂತಾಯ್ತು: ಎ ಗುಂಪಿನವರಿಗೆ 11,000, ಬಿ ಗುಂಪಿಗೆ 4,000, ಸಿ ಗುಂಪಿಗೆ 400. ಬೆಂಗಳೂರಲ್ಲಿ ಕೂತು ದುಡಿಯುವ ನಮ್ಮಂಥವರಿಗೆ ಇದು ಹಿಡಿಸುವ ಯೋಜನೆಯೇ. ಕನಿಷ್ಠ ಇಲ್ಲಿ ಒಂದು ಅಂಕಿ ಇದೆ, ಅದಕ್ಕೆ ಮೆಚ್ಚುಗೆ. ಆದರೆ 11,000ವನ್ನು 365ರಿಂದ ಭಾಗಿಸಿ: ದಿನಕ್ಕೆ 30 ರೂಪಾಯಿ. ನಾವು ಕುಡಿಯುವ ಒಂದು ಕಾಫಿಯ ದುಡ್ಡಲ್ಲಿ ಒಂದು ದೊಡ್ಡ ರಾಸಿನ ಮೇವು, ನೀರು, ಔಷಧಿ, ಆಳಿನ ಕೂಲಿ ಎಲ್ಲ ಆಗಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು. ಗೋವಿನ ಹಾಡಿನ ಪುಣ್ಯಕೋಟಿ ಎಳೆಗರುವಿನ ತಾಯಿ, ಕೆಚ್ಚಲು ತುಂಬ ಹಾಲಿರುವವಳು. ಗೋಶಾಲೆಯಲ್ಲಿ ಬಂದು ಸೇರುವವು ಬಹಳಷ್ಟು ಗೊಡ್ಡು, ಮುದಿ, ಕುಂಟು. ಅವುಗಳಿಗಾಗಿ ದುಡ್ಡು ಕೇಳುವಾಗಲೂ ಹಾಲಿರುವ ತಾಯಿಯ ಹೆಸರೇ ಬೇಕಾಯ್ತು. ಗಾಣಗಾಪುರದ ಕಥೆಯಲ್ಲಿ ನಡೆದದ್ದೇ ಇಲ್ಲೂ ನಡೆದಿದೆ. ಗೊಡ್ಡು ಹಸು ಗೊಡ್ಡಾಗಿಯೇ ಇದ್ದು ನಮ್ಮ ಹತ್ತಿರ ಬರೋದಕ್ಕೆ ನಾವು ಬಿಡಲ್ಲ.

ಕುದುರೆ ಈ ಎರಡರಲ್ಲೂ ಇಲ್ಲ, ಅದು ಜಾನುವಾರು ಕಾಯ್ದೆಗೂ ಬರಲ್ಲ, ಪುಣ್ಯಕೋಟಿಗೂ ಬರಲ್ಲ. ಅದಕ್ಕಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗೋದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ತಪ್ಪಾಗಿ ಓದಿಲ್ಲ, ಐವತ್ತು ರೂಪಾಯಿ. ಕುದುರೆಯನ್ನು ಒಂದು ದಿನ ಮೇಯಿಸೋದಕ್ಕಿಂತ ಬಿಟ್ಟುಹೋಗೋದೇ ಅಗ್ಗ. 2014ರಲ್ಲಿ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗೂ ಘನತೆ ಇದೆ, ಹಸಿವಿನಿಂದ, ಭಯದಿಂದ, ನೋವಿನಿಂದ ಮುಕ್ತಿಯ ಹಕ್ಕಿದೆ ಅಂತ ದೊಡ್ಡ ಮಾತು ಹೇಳಿತು. ದಂಡದ ಚೀಟಿ ಮಾತ್ರ 1960ರ ಬೆಲೆಯಲ್ಲೇ ಉಳಿದಿದೆ.

ಬೇರೆ ಕಡೆಯ ಒಂದು ಉದಾಹರಣೆ ಹೇಳಿ ಮುಂದೆ ಹೋಗೋಣ. 2015ರ ಜೂನಿನಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ವಿಕ್ಟೋರಿಯಾ ಸಾರೋಟುಗಳು ಕಾನೂನುಬಾಹಿರ ಅಂದಿತು, ನಿಲ್ಲಿಸಲು ಒಂದು ವರ್ಷ ಸಮಯ ಕೊಟ್ಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಸರಿಯೇ. ಆದರೆ ಸಾರೋಟು ನಿಂತ ದಿನ ಕುದುರೆ ಬದುಕೋದನ್ನು ನಿಲ್ಲಿಸಲ್ಲ, ಸಾರೋಟಿನವನ ಹೊಟ್ಟೆಯೂ ನಿಲ್ಲಲ್ಲ. ಬಿಡಿಸಿದ್ದು ಒಂದು ದಿನದ ಸುದ್ದಿಯಾದರೆ ಸಾಕೋದು ಹತ್ತು ವರ್ಷದ ಕೆಲಸ.

*

ಈಗ ಮತ್ತೆ ನಮ್ಮ ಪ್ರಕಟಣೆಗೆ ಬರೋಣ. ಅದರ ಕೊನೇ ಮಾತು: ಸಂಗಾತಿಯಾಗಿ ಮಾತ್ರ.

ನನ್ನ ಮುಖ್ಯ ತಕರಾರು ಈ 'ಸಂಗಾತಿ' ಪದದ ಮೇಲೆ. ಓದಿದ ತಕ್ಷಣ ನಮಗೆ ಕಾಣೋದು ಏನು? ವಾರಾಂತ್ಯಕ್ಕೆ ಫಾರ್ಮ್‌ಹೌಸಿಗೆ ಹೋದಾಗ ಬೇಲಿ ಹತ್ತಿರ ಬಂದು ನಮ್ಮ ಭುಜಕ್ಕೆ ಮೂತಿ ಉಜ್ಜುವ ಬಿಳಿ ಕುದುರೆ. ಅಂದರೆ ಬೆನ್ನು ಕೊಡಲಾಗದ ಕುದುರೆ ಈಗ ನಮ್ಮ ಮನಸ್ಸಿಗೆ ಸಮಾಧಾನ ಕೊಡಬೇಕು. ಕೆಲಸ ಬದಲಾಯ್ತು ಅಷ್ಟೇ, ಡ್ಯೂಟಿ ತಪ್ಪಲಿಲ್ಲ. ಮೃದು ಸ್ವಭಾವ ಅಂತ ಬರೆಯೋದೂ ಅದಕ್ಕೇ. ಹಾಗಾದರೆ ಕಚ್ಚುವ, ಮನುಷ್ಯರನ್ನು ಕಂಡರೆ ಕಿವಿ ಹಿಂದಕ್ಕೆ ಮಡಚುವ ಮುದಿ ಕುದುರೆಗೆ ಮನೆ ಬೇಡವಾ?

ಕುದುರೆ ಗುಂಪಿನ ಪ್ರಾಣಿ. ಅದಕ್ಕೆ ಸಂಗಾತಿ ಅಂದರೆ ಇನ್ನೊಂದು ಕುದುರೆ. ಅದು ಸಿಗದಿದ್ದರೆ ಕತ್ತೆ, ಆಡು, ಹಸು ಆದರೂ ಪರವಾಗಿಲ್ಲ. ವಾರಕ್ಕೊಮ್ಮೆ ಕ್ಯಾರೆಟ್ ಹಿಡಿದು ಬರುವ ನಾವು ಸಂಗಾತಿಯಲ್ಲ, ನೆಂಟರು. ಒಂಟಿಯಾಗಿ ಕಟ್ಟಿಹಾಕಿದ ಕುದುರೆ ಲಾಯದಲ್ಲಿ ಒಂದೇ ಸಮ ಅತ್ತಿಂದಿತ್ತ ತೂಗುತ್ತೆ, ಮರದ ಪಟ್ಟಿ ಕಚ್ಚುತ್ತೆ. ಹಾಗಾಗಿ 'ಸಂಗಾತಿಯಾಗಿ ಮಾತ್ರ' ಅನ್ನೋ ಮಾತಿಗೆ ಒಂದು ಒಳ್ಳೆಯ ಅರ್ಥವೂ ಇದೆ: ಈಗಾಗಲೇ ಒಂಟಿಯಾಗಿರುವ ಇನ್ನೊಂದು ಕುದುರೆಯ ಜೊತೆಗೆ ಈ ಮುದಿ ಕುದುರೆ. ಸವಾರಿ ಆಗದ ಎಷ್ಟೋ ಕುದುರೆಗಳಿಗೆ ಮನೆ ಸಿಗುವ ದಾರಿ ಇದೇ. ಪ್ರಕಟಣೆ ಬರೆಯುವವರು, ಯಾರಿಗೆ ಸಂಗಾತಿ ಅನ್ನೋದನ್ನು ಒಂದು ಸಾಲು ಸೇರಿಸಿದರೆ ಅರ್ಧ ಗೊಂದಲ ಹೋಗುತ್ತೆ.

ಉಳಿದ ಅರ್ಧಕ್ಕೆ ಬೇಕಾದದ್ದು ನಿಕಿತಿನ್‌ನ ಲೆಕ್ಕ. ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣ ಮೇವು ತಿನ್ನುತ್ತೆ. 350 ಕೆ.ಜಿ.ಯ ಕುದುರೆಗೆ ಏಳು ಕೆ.ಜಿ. ವರ್ಷಕ್ಕೆ ಎರಡೂವರೆ ಟನ್. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತೆ. ತಂಪು ದಿನದಲ್ಲೇ 25 ಲೀಟರ್ ಕುಡಿಯುವ ಪ್ರಾಣಿಗೆ ಆಗ ಇನ್ನೂ ಬಹಳ ನೀರು ಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ಸವಾರಿ ಇರಲಿ ಬಿಡಲಿ. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು. ಇಪ್ಪತ್ತು ದಾಟಿದ ಕುದುರೆಯ ಹಲ್ಲು ಸವೆದಿರುತ್ತೆ, ಹುಲ್ಲನ್ನು ಅಗಿಯಲಾಗದೆ ಉಂಡೆ ಮಾಡಿ ಉಗುಳುತ್ತೆ, ಆಗ ನೆನೆಸಿದ ಮೇವೇ ಆಗಬೇಕು. ಕುದುರೆಗೆ ವಾಂತಿ ಮಾಡಲು ಬರಲ್ಲ. ಹೊಟ್ಟೆಶೂಲೆ ಬಂದರೆ ರಾತ್ರಿ ಎರಡು ಗಂಟೆಗೂ ಡಾಕ್ಟರ್ ಬೇಕು. ಎಮ್ಮೆ ಎತ್ತು ನೋಡುವ ಡಾಕ್ಟರು ತಾಲ್ಲೂಕಿನಲ್ಲಿ ಸಿಗುತ್ತಾರೆ, ಕುದುರೆಯ ಮೇಲೆ ಕೈ ಪಳಗಿದವರನ್ನು ಹುಡುಕಬೇಕು.

ಇವೆಲ್ಲ ಗೊತ್ತಿರುವ ಜನ ನಮ್ಮ ನಡುವೆಯೇ ಇದ್ದಾರೆ ಅನ್ನೋದನ್ನೂ ನಾವು ಮರೆಯುತ್ತೇವೆ. ಭೀಮಾ ನದಿಯ ದಡದ ಹೆಸರಲ್ಲೇ ಒಂದು ಕುದುರೆ ತಳಿ ಇದೆ: ಭೀಮ್‌ಥಡಿ. ಮರಾಠರ ಕಾಲದಲ್ಲಿ ಹೊರಗಿನ ಕುದುರೆಗಳನ್ನು ಸ್ಥಳೀಯ ತಟ್ಟುಗಳ ಜೊತೆ ಕೂಡಿಸಿ ಬೆಳೆಸಿದ್ದು, ಈಚಿನ ವರ್ಷಗಳಲ್ಲಿ ಸ್ವತಂತ್ರ ತಳಿ ಅಂತ ನೋಂದಣಿಯೂ ಆಗಿದೆ. ಇದನ್ನು ಉಳಿಸಿಕೊಂಡವರು ರಾಜರಲ್ಲ, ಪುಣೆ, ಸೊಲ್ಲಾಪುರ, ಸಾತಾರಾ ಕಡೆಯ ಕುರಿಗಾಹಿಗಳು. ಆಳಂದ, ಅಫಜಲಪುರದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆಯೇ. ಕುರಿ ಹಿಂಡಿನ ಜೊತೆ ಹೋಗುವ ಆ ಸಣ್ಣ ಕುದುರೆಯ ಬೆನ್ನ ಮೇಲೆ ಪಾತ್ರೆ, ಹಾಸಿಗೆ, ಕೋಳಿ, ನಡೆಯಲಾಗದ ಕುರಿಮರಿ ಎಲ್ಲ ಇರುತ್ತೆ. ದತ್ತು, ಸಂಗಾತಿ ಅನ್ನೋ ಪದ ಬಳಸದೇ ಕುದುರೆಯ ಜೊತೆ ಬದುಕಿದವರು ಇವರು. ನಗರದಿಂದ ಮುದಿ ಕುದುರೆಯನ್ನು 'ಹಳ್ಳಿಗೆ' ಕಳಿಸುವ ಮಾತಾಡುವಾಗ ಹಳ್ಳಿ ಅಂದರೆ ಹಸಿರು ಹುಲ್ಲುಗಾವಲು ಅನ್ನೋ ಚಿತ್ರ ನಮ್ಮ ತಲೆಯಲ್ಲಿರುತ್ತೆ. ಜೇವರ್ಗಿಯ ರೈತನಿಗೆ ತನ್ನ ಎತ್ತಿಗೇ ಕಣಿಕೆ ಸಾಲದಿರುವಾಗ ನಮ್ಮ ಕುದುರೆಗೆ ಅವನ ಹಿತ್ತಿಲು ತೋರಿಸೋದು ದಾನವಲ್ಲ, ನಮ್ಮ ಹೊರೆಯನ್ನು ಅವನ ಹೆಗಲಿಗೆ ಹಾಕೋದು. ಕಳಿಸುವುದಾದರೆ ಕುದುರೆಯ ಜೊತೆ ತಿಂಗಳು ತಿಂಗಳೂ ದುಡ್ಡೂ ಹೋಗಬೇಕು, ಕುದುರೆ ಬದುಕಿರುವವರೆಗೆ.

ಒಳ್ಳೇ ಪ್ರಕಟಣೆ ಹೇಗಿರಬೇಕು ಅಂತ ಕೇಳಿದರೆ ನನ್ನ ಉತ್ತರ ಸರಳ. ಸಾಧು ಸ್ವಭಾವ, ದೊಡ್ಡ ಕಣ್ಣು ಇವನ್ನೆಲ್ಲ ಒಂದು ಸಾಲಿಗೆ ಇಳಿಸಿ. ಕುದುರೆಯ ತೂಕ ಎಷ್ಟು, ದಿನಕ್ಕೆ ಏನು ತಿನ್ನುತ್ತೆ, ಹೋದ ವರ್ಷ ಅದಕ್ಕೆ ಒಟ್ಟು ಎಷ್ಟು ಖರ್ಚಾಯ್ತು, ಯಾವ ಕಾಲು ನೋವು, ಚಳಿಗಾಲದಲ್ಲಿ ಹೆಚ್ಚಾಗುತ್ತಾ, ಈಗ ಯಾವ ಪ್ರಾಣಿಯ ಜೊತೆ ಇದೆ ಅಂತ ಬರೆಯಿರಿ. ತಗೊಂಡವರಿಗೆ ಮುಂದೆ ಆಗದಿದ್ದರೆ ಯಾರು ವಾಪಸು ತಗೋತಾರೆ ಅಂತ ಬರೆಯಿರಿ. ನೋವು ತಡೆಯಲಾಗದ ದಿನ ಬಂದಾಗ ಡಾಕ್ಟರನ್ನು ಕರೆಸಿ ಕೊನೆಯ ನಿರ್ಧಾರ ತಗೊಳ್ಳುವವರು ಯಾರು ಅನ್ನೋದನ್ನೂ ಬರೆಯಿರಿ. ಆ ದಿನ ಬಂದೇ ಬರುತ್ತೆ. ಇಷ್ಟು ಓದಿ ಹತ್ತರಲ್ಲಿ ಒಂಬತ್ತು ಜನ ಹಿಂದೆ ಸರಿಯುತ್ತಾರೆ. ಸರಿಯಲಿ. ಕಣ್ಣೀರು ಓದಿ ಕುದುರೆ ತಗೊಂಡು ಆರು ತಿಂಗಳಿಗೆ ದಲ್ಲಾಳಿಗೆ ದಾಟಿಸುವ ಒಂಬತ್ತು ಜನರಿಗಿಂತ, ಲೆಕ್ಕ ಓದಿ ಬೇಡ ಅಂದ ಒಂಬತ್ತು ಜನ ಕುದುರೆಗೆ ಹೆಚ್ಚು ಉಪಕಾರ ಮಾಡಿದ ಹಾಗೆ. ಉಳಿಯುವ ಒಬ್ಬರು ಸಾಕು.

ಲೆಕ್ಕ ಬರೆದರೆ ಪ್ರೀತಿ ಕಮ್ಮಿಯಾಗುತ್ತೆ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಅಪ್ಪ ಅಮ್ಮನ ಔಷಧಿಯ ಬಿಲ್ಲನ್ನು ತಿಂಗಳು ತಿಂಗಳೂ ಕಟ್ಟುವ ಯಾರನ್ನಾದರೂ ಕೇಳಿ, ಹಾಗೇನೂ ಇಲ್ಲ ಅಂತಾರೆ. ಉಪಯೋಗಕ್ಕೆ ಬಾರದ ಜೀವವನ್ನು ನೋಡಿಕೊಳ್ಳೋದು ಮುಕ್ಕಾಲು ಪಾಲು ಲೆಕ್ಕದ ಕೆಲಸವೇ. ಮೇವು ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತೆ, ಮುಂದಿನ ತಿಂಗಳು ಯಾರು ಕೊಡ್ತಾರೆ. ನಾನು ನೋಡಿದ ಇಷ್ಟೂ ಬರಹಗಳಲ್ಲಿ ಕುದುರೆಯನ್ನು ಕಂಡು ಕರಗದವನು ನಿಕಿತಿನ್ ಒಬ್ಬನೇ. ಒಂದು ವರ್ಷ ಮೇಯಿಸಿದ್ದಕ್ಕೆ ಎಷ್ಟಾಯ್ತು ಅಂತ ಬರೆದಿಟ್ಟವನೂ ಅವನೊಬ್ಬನೇ. ಅವನ ಊರು ತ್ವೇರ್‌ನಲ್ಲಿ 1955ರಲ್ಲಿ ಅವನಿಗೊಂದು ಪ್ರತಿಮೆ ನಿಲ್ಲಿಸಿದರು. ಅವನ ಕಾಲ ಕೆಳಗೆ ಒಂದು ದೋಣಿ, ದೋಣಿಯ ಮೂತಿಗೆ ಕುದುರೆಯ ತಲೆ. ಮಣ್ಣೆತ್ತಿನ ಹಾಗೆ ಆ ಕುದುರೆಗೂ ಮೇವು ಬೇಡ. ಬೇಕಾಗಿರುವ ಕುದುರೆಗಳ ಬಗ್ಗೆ ಬರೆಯುವಾಗ 68 ಫುತುನ್‌ನ ಆ ಸಾಲನ್ನು ನಾವು ಎರವಲು ಪಡೆಯೋಣ. ಮಾರಿದ ಸಾಲನ್ನು ಅವನಿಗೇ ಬಿಡೋಣ.